ಅಪಾರ್ಟ್‌ಮೆಂಟಿಗೆ ಮರಳಿದ ಕಂಚಿನ ಬಟ್ಟಲು

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ಬಹುಮಹಡಿ ಕಟ್ಟಡದ ಮನೆಗಳಲ್ಲಿ ಇಂದು ಇಂಡಕ್ಷನ್ ಒಲೆಯ ಮೇಲೆ ಕುದಿದ ಸಾರು ಹೊನ್ನಿನ ಬಣ್ಣದ ಭಾರವಾದ ಕಂಚಿನ ಬಟ್ಟಲಿಗೆ ಇಳಿಯುತ್ತದೆ. ಕಿಟಕಿಗೆ ಇಳಿಬಿಟ್ಟ ತುಂಡುಬಟ್ಟೆಗಳ ತೆರೆಯನ್ನು ಹಾದು ಬೆಳಕು ಚೌಕ ಚೌಕವಾಗಿ ನೆಲಕ್ಕೆ ಬೀಳುತ್ತದೆ. ಮೇಜಿನ ಮೇಲಿನ ಮೊಬೈಲ್‌ನ ಕವಚದಲ್ಲಿ ಕಡಲಚಿಪ್ಪಿನ ಚೂರುಗಳು ನೀಲಿ, ಹಸಿರು, ನಸುಗೆಂಪಾಗಿ ಹೊಳೆಯುತ್ತವೆ. ಮೂಲೆಯ ದೀಪಕ್ಕೆ ಹಿಪ್ಪುನೇರಳೆಯ ಬಳಗಕ್ಕೆ ಸೇರಿದ ಮರದ ತೊಗಟೆಯಿಂದ ತಯಾರಾದ ಕೈಕಾಗದದ ಹೊದಿಕೆ ಇರುತ್ತದೆ. ಕೆಲವು ದಶಕಗಳ ಹಿಂದೆ ಹಳೆಯ ಕಾಲದ ಹೊರೆಯೆಂದು ಮನೆಯಿಂದ ಆಚೆ ಹಾಕಿದ್ದ ಸಾಮಗ್ರಿಗಳೇ ಇವು.

ಕೊರಿಯಾದ ಧಾರಾವಾಹಿ, ಸಂಗೀತ, ಅಡುಗೆಗಳ ಮೂಲಕ ಆ ದೇಶವನ್ನು ಅಷ್ಟಿಷ್ಟು ಬಲ್ಲ ಕನ್ನಡದ ಓದುಗರಿಗೂ ಇವುಗಳ ನೋಟ ಪರಿಚಿತವಾಗಿರಬಹುದು. ಆದರೆ ಇವು ಮನೆಯಿಂದ ಏಕೆ ಹೊರಬಿದ್ದವು, ಯಾವ ಬದಲಾವಣೆಗೆ ಒಳಗಾಗಿ ಮರಳಿದವು, ಮರಳಿದ್ದರಲ್ಲಿ ನಿಜವಾದ ಕಸುಬು ಎಷ್ಟು, ಬರಿಯ ವೇಷ ಎಷ್ಟು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗಬೇಕಾದರೆ ವಸ್ತುಗಳಿಗಿಂತ ಮೊದಲು ಅವು ಇದ್ದ ಮನೆಯನ್ನು ನೋಡಬೇಕಾಗುತ್ತದೆ.

ಮನೆಯೇ ಬದಲಾದಾಗ

ಜೊಸೊನ್ ಅರಸು ಮನೆತನದ ಆಳ್ವಿಕೆಯಲ್ಲಿ (1392–1910) ರೂಪುಗೊಂಡ ಕೊರಿಯಾದ ಮನೆಯಲ್ಲಿ ಬಾಗಿಲು ಕಿಟಕಿಗಳ ಮರದ ಜಾಲರಿಗೆ ಕಾಗದ ಅಂಟಿಸುತ್ತಿದ್ದರು. ಅಡಿಯಿಂದ ಬಿಸಿಯಾಗುವ ನೆಲಕ್ಕೆ ಎಣ್ಣೆ ಸವರಿದ ದಪ್ಪ ಕಾಗದ ಹಾಸುತ್ತಿದ್ದರು. ಹಿತ್ತಿಲಿನ ಬಿಸಿಲು ಬೀಳುವ ಜಗಲಿಯ ಮೇಲೆ ಸೋಯಾ, ಮೆಣಸಿನಕಾಯಿಗಳ ಗೊಜ್ಜುಗಳು ಹುಳಿಯುವ ಮಣ್ಣಿನ ಜಾಡಿಗಳು ಸಾಲಾಗಿ ನಿಂತಿರುತ್ತಿದ್ದವು. ಕುರ್ಚಿ ಮೇಜುಗಳಿಲ್ಲದ ಆ ಮನೆಯಲ್ಲಿ ಅಡುಗೆಮನೆಯಿಂದ ಊಟವನ್ನು ಸೋಬಾನ್ ಎಂಬ ಕುಳ್ಳ ಕಾಲಿನ ಪುಟ್ಟ ಮಣೆಯ ಮೇಲೆ ಜೋಡಿಸಿ, ಹಾಗೆಯೇ ಎತ್ತಿ ತಂದು, ಉಣ್ಣುವವರ ಮುಂದೆ ಇಡುತ್ತಿದ್ದರು. ಒಂದೊಂದು ವಸ್ತುವಿನ ಅಳತೆ, ತೂಕ, ಆಕಾರಗಳನ್ನು ನಿರ್ಧರಿಸಿದ್ದು ಆ ಮನೆ ಮತ್ತು ಅದರಲ್ಲಿ ನೆಲದ ಮೇಲೆ ಕುಳಿತು ನಡೆಸುವ ಬದುಕು.

ಆ ಬದುಕಿಗೆ ಏಟು ಒಂದೇ ಸಲ ಬೀಳಲಿಲ್ಲ. 1895ರಲ್ಲಿ ಗಂಡಸರು ಜುಟ್ಟು ಕತ್ತರಿಸಬೇಕೆಂಬ ಆಜ್ಞೆ ಹೊರಟು, ಜುಟ್ಟಿನ ಮೇಲೆ ಕೂರುತ್ತಿದ್ದ ಟೊಪ್ಪಿಗಳ ಕಸುಬು ಕುಗ್ಗತೊಡಗಿತು. 1910ರಿಂದ 1945ರವರೆಗಿನ ಜಪಾನಿನ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಯುದ್ಧ ಸಾಮಗ್ರಿಗೆಂದು ಮನೆಮನೆಯ ಲೋಹದ ಪಾತ್ರೆಗಳನ್ನು ಕಿತ್ತುಕೊಳ್ಳಲಾಯಿತು. 1950ರಿಂದ 1953ರವರೆಗೆ ನಡೆದ ಯುದ್ಧ ಊರುಗಳನ್ನೇ ನೆಲಸಮ ಮಾಡಿತು. ಅನಂತರದ ವೇಗದ ಕೈಗಾರಿಕೀಕರಣದಲ್ಲಿ ಅಪಾರ್ಟ್‌ಮೆಂಟ್‌ಗಳು ಎದ್ದವು. ಇಂದು ಆ ದೇಶದ ಅರ್ಧಕ್ಕಿಂತ ಹೆಚ್ಚು ಕುಟುಂಬಗಳು ವಾಸಿಸುವುದು ಅವುಗಳಲ್ಲಿಯೇ. ಹಿತ್ತಿಲು ಹೋದ ಮೇಲೆ ಜಾಡಿಗಳಿಗೆ ಎಡೆ ಉಳಿಯಲಿಲ್ಲ, ಗಾಜಿನ ಕಿಟಕಿ ಬಂದ ಮೇಲೆ ಕಾಗದಕ್ಕೆ ಕೆಲಸ ಉಳಿಯಲಿಲ್ಲ. ಕೊರಿಯಾದ ಕರಕುಶಲ ಕಲೆಗಳು ಸೊರಗಿದ್ದು ಜನರ ಅಭಿರುಚಿ ಕೆಟ್ಟಿದ್ದರಿಂದ ಎಂಬ ಮಾತನ್ನು ಆಗಾಗ ಕೇಳುತ್ತೇವಾದರೂ ಅದು ನ್ಯಾಯವಾದ ಮಾತಲ್ಲ. ಅವುಗಳನ್ನು ಬಯಸುತ್ತಿದ್ದ ಮನೆಯೇ ಇಲ್ಲವಾಗಿತ್ತು. ಹಾಗಾಗಿ ಅವು ಮತ್ತೆ ಬದುಕಬೇಕಾದರೆ ಹೊಸ ಮನೆಯಲ್ಲಿ ಹೊಸ ಕೆಲಸ ಹಿಡಿಯಲೇಬೇಕಿತ್ತು.

ಕತ್ತಲಲ್ಲಿ ಬಡಿದ ಕಂಚು

ಹೊಸ ಕೆಲಸ ಹಿಡಿದವುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ನೆಲೆ ನಿಂತದ್ದು ಕಂಚಿನ ಪಾತ್ರೆ. ಕೊರಿಯನ್ನರು ಇದನ್ನು ಯುಗಿ ಎನ್ನುತ್ತಾರೆ. ಇದರಲ್ಲಿ ಎರಡು ಮುಖ್ಯ ಬಗೆಗಳಿವೆ: ಕರಗಿಸಿದ ಲೋಹವನ್ನು ಅಚ್ಚಿಗೆ ಎರೆದು ಮಾಡುವ ಎರಕದ ಪಾತ್ರೆಗೆ ಆನ್‌ಸಾಂಗ್ ಪಟ್ಟಣ ಹೆಸರುವಾಸಿ; ಕಾಯಿಸಿದ ಲೋಹದ ಬಿಲ್ಲೆಯನ್ನು ಸುತ್ತಿಗೆಯಿಂದ ಬಡಿದು ಮಾಡುವ ಪಾತ್ರೆಗೆ ಬಾಂಗ್‌ಜಾ ಎಂಬ ಹೆಸರು. ಬಾಂಗ್‌ಜಾ ಲೋಹದಲ್ಲಿ ನೂರಕ್ಕೆ 78 ಪಾಲು ತಾಮ್ರ, 22 ಪಾಲು ತವರ. ಇಂಗ್ಲಿಷಿನಲ್ಲಿ ಇದನ್ನು ಹಿತ್ತಾಳೆಯೆಂದೇ ಬರೆಯುವುದು ರೂಢಿಯಾಗಿದ್ದರೂ ತಾಮ್ರಕ್ಕೆ ಸತುವು ಸೇರಿದ ಹಿತ್ತಾಳೆ ಬೇರೆ, ಇದು ಬೇರೆ; ಭಾರತದ ಕಂಚುಗಾರರು ಊಟದ ತಟ್ಟೆ, ಬಟ್ಟಲುಗಳಿಗೆ ಬಳಸುತ್ತ ಬಂದ ಕಂಚಿನ ಮಿಶ್ರಣವೂ ಹೆಚ್ಚುಕಡಿಮೆ ಇದೇ ಪ್ರಮಾಣದ್ದು.

ಇಷ್ಟೊಂದು ತವರ ಬೆರೆತ ಲೋಹ ತಣ್ಣಗಿರುವಾಗ ಬಡಿದರೆ ಗಾಜಿನಂತೆ ಒಡೆಯುತ್ತದೆ. ಅದನ್ನು ಕೆಂಪಗೆ ಕಾಯಿಸಿದಾಗ ಮಾತ್ರ ಅದು ಸುತ್ತಿಗೆಗೆ ಮಣಿಯುತ್ತದೆ, ಆ ಕಾವು ಉಳಿಯುವುದು ಕೆಲವೇ ಕ್ಷಣ. ಹೀಗಾಗಿ ಇದು ಒಬ್ಬರ ಕೆಲಸವಲ್ಲ: ಒಬ್ಬರು ಕುಲುಮೆಯಿಂದ ಬಿಲ್ಲೆಯನ್ನು ಹೊರತೆಗೆದು ಇಕ್ಕಳದಲ್ಲಿ ತಿರುಗಿಸುತ್ತಿದ್ದರೆ ಉಳಿದವರು ಸರದಿಯಂತೆ ಸುತ್ತಿಗೆ ಬೀಸುತ್ತಾರೆ, ಲೋಹ ಕಪ್ಪಾಗುವ ಮೊದಲೇ ಅದು ಮತ್ತೆ ಕುಲುಮೆಗೆ ಹೋಗುತ್ತದೆ. ಕಾವಿನ ಹದವನ್ನು ತೋರುವುದು ಲೋಹದ ಬಣ್ಣವೊಂದೇ ಆದ್ದರಿಂದ, ಆ ಬಣ್ಣ ಕಣ್ಣಿಗೆ ನಿಚ್ಚಳವಾಗಿ ಕಾಣಲೆಂದು ಹಿಂದಿನ ಕಂಚುಗಾರರು ರಾತ್ರಿಯ ಹೊತ್ತು, ಕತ್ತಲೆಯಲ್ಲಿ ಬಡಿಯುತ್ತಿದ್ದರು. ಆಕಾರ ಬಂದ ಪಾತ್ರೆಯನ್ನು ಕೊನೆಗೊಮ್ಮೆ ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ಉಕ್ಕನ್ನು ಹೀಗೆ ಅದ್ದಿದರೆ ಅದು ಗಡುಸಾಗಿ ಪೆಡಸಾಗುತ್ತದೆ. ಈ ಕಂಚು ಮಾತ್ರ ಅದಕ್ಕೆ ತದ್ವಿರುದ್ಧವಾಗಿ, ನಿಧಾನವಾಗಿ ಆರಿದರೆ ಪೆಡಸಾಗುತ್ತದೆ, ತಟ್ಟನೆ ತಣಿದರೆ ಗಟ್ಟಿಯಾಗಿ ಬಾಳಿಕೆ ಬರುತ್ತದೆ. ಲೋಹಶಾಸ್ತ್ರದ ಪುಸ್ತಕಗಳು ಇದಕ್ಕೆ ಕಾರಣ ಬರೆಯುವುದಕ್ಕೆ ಎಷ್ಟೋ ಮೊದಲೇ ಕುಲುಮೆಯ ಮುಂದಿನ ಕೈಗಳು ಇದನ್ನು ಅರಿತಿದ್ದವು ಎಂಬುದು ಗೌರವದಿಂದ ನೆನೆಯಬೇಕಾದ ಸಂಗತಿ.

ಬಿಸಿಯನ್ನು ಬಹಳ ಹೊತ್ತು ಹಿಡಿದಿಡುವ ಗುಣದಿಂದಾಗಿ ಅನುಕೂಲಸ್ಥರ ಮನೆಗಳಲ್ಲಿ ಚಳಿಗಾಲಕ್ಕೆ ಕಂಚು, ಬೇಸಿಗೆಗೆ ಪಿಂಗಾಣಿ ಎಂಬ ಪದ್ಧತಿಯಿತ್ತು. ಅದನ್ನು ಮುರಿದದ್ದು ಕಲ್ಲಿದ್ದಲಿನ ಬಿಲ್ಲೆ. ಯುದ್ಧಾನಂತರ ಮನೆಮನೆಯಲ್ಲಿ ಒಲೆಗೂ ನೆಲದ ಕಾವಿಗೂ ಬಳಕೆಗೆ ಬಂದ ಯೊಂತಾನ್ ಎಂಬ ಕಲ್ಲಿದ್ದಲ ಬಿಲ್ಲೆಗಳ ಹೊಗೆ ಕಂಚನ್ನು ಕಪ್ಪಾಗಿಸುತ್ತಿತ್ತು; ಹೆಂಚಿನ ಪುಡಿ ಹಾಕಿ ಹುಲ್ಲಿನ ಸಿವುಡಿನಿಂದ ಪಾತ್ರೆ ತಿಕ್ಕುವ ಕೆಲಸ, ಹುಣಸೆಹಣ್ಣು ಹಾಕಿ ತಂಬಿಗೆ ಬೆಳಗಿದ ಯಾರಿಗಾದರೂ ಅರ್ಥವಾಗುವಂತೆ, ತೋಳು ಸೋಲಿಸುವಂಥದ್ದು. ಸ್ಟೇನ್‌ಲೆಸ್ ಸ್ಟೀಲ್ ಬಂದಾಗ ಕೊರಿಯಾದ ಗೃಹಿಣಿಯರು ಅದನ್ನು ಬರಮಾಡಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ, ತಪ್ಪೂ ಇಲ್ಲ.

ಈಗ ಅನಿಲ ಮತ್ತು ವಿದ್ಯುತ್ತಿನ ಒಲೆಗಳು ಬಂದು ಆ ಹೊಗೆ ಮನೆಯಿಂದ ಹೋಗಿದೆ. ತಾಮ್ರಪ್ರಧಾನವಾದ ಮೇಲ್ಮೈಯಲ್ಲಿ ಹಲವು ಬ್ಯಾಕ್ಟೀರಿಯಾಗಳು ಬಹುಕಾಲ ಬದುಕುವುದಿಲ್ಲವೆಂಬ ಅರಿವೂ ಸೇರಿಕೊಂಡಿದೆ. ತಯಾರಕರು ಮುಚ್ಚಳದ ಎತ್ತರದ ಬಟ್ಟಲುಗಳ ಜೊತೆಗೆ ಅಗಲವಾದ ತಟ್ಟೆ, ಚಮಚ, ಫೋರ್ಕ್, ಲೋಟಗಳನ್ನೂ ಮಾಡತೊಡಗಿದರು. ಕನ್ನಡಿಯಂತೆ ಹೊಳೆಯಿಸುವ ಬದಲು ಸುತ್ತಿಗೆಯ ಗುರುತುಗಳನ್ನು ಹಾಗೆಯೇ ಬಿಟ್ಟು ಮಂದ ಹೊಳಪು ಕೊಟ್ಟಿದ್ದರಿಂದ ಕಲೆಗಳು ಎದ್ದು ಕಾಣುವುದು ತಪ್ಪಿತು. ಈಗ ಉತ್ತರ ಕೊರಿಯಾಕ್ಕೆ ಸೇರಿರುವ ಜೊಂಗ್‌ಜು ಪ್ರದೇಶದಲ್ಲಿ ಹುಟ್ಟಿ ದಕ್ಷಿಣಕ್ಕೆ ಬಂದು ನೆಲೆಸಿದ ಕಂಚುಗಾರ ಲೀ ಬೊಂಗ್-ಜು ಅವರನ್ನು ಸರ್ಕಾರ 1983ರಲ್ಲಿ ಈ ಕಸುಬಿನ ವಾರಸುದಾರರೆಂದು ಗುರುತಿಸಿತು. ಅವರು ದಾನ ಮಾಡಿದ ಸಂಗ್ರಹದಿಂದ ಡೇಗು ನಗರದಲ್ಲಿ 2007ರಲ್ಲಿ ಬಾಂಗ್‌ಜಾ ಪಾತ್ರೆಗಳಿಗಾಗಿಯೇ ಒಂದು ವಸ್ತುಸಂಗ್ರಹಾಲಯ ತೆರೆಯಿತು. ವಸ್ತುಸಂಗ್ರಹಾಲಯ ನೆನಪನ್ನು ಕಾಯ್ದಿತು, ಕುಲುಮೆ ಆರದಂತೆ ಕಾಯ್ದದ್ದು ಊಟದ ಮೇಜು.

ಉಸಿರಾಡುವ ಜಾಡಿ, ಉಸಿರಾಡದ ಪೆಟ್ಟಿಗೆ

ಒಂಗ್ಗಿ ಎಂಬ ಕಂದುಬಣ್ಣದ ಮಣ್ಣಿನ ಜಾಡಿಯ ಕಥೆ ಇದಕ್ಕಿಂತ ತೊಡಕಿನದು. ಮರಳಿನ ಕಣಗಳಿರುವ ಜೇಡಿಮಣ್ಣಿನ ಪಟ್ಟಿಗಳನ್ನು ಒಂದರ ಮೇಲೊಂದು ಏರಿಸಿ, ಒಳಗೊಂದು ಆಸರೆ ಹಿಡಿದು ಹೊರಗಿನಿಂದ ಹಲಗೆಯಲ್ಲಿ ತಟ್ಟುತ್ತ ಗೋಡೆಯನ್ನು ತೆಳುವಾಗಿಸಿ, ಬೂದಿ ಬೆರೆತ ಲೇಪ ಕೊಟ್ಟು ಹೆಚ್ಚಿನ ಶಾಖದಲ್ಲಿ ಸುಡುವಾಗ ಅದರ ಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ಉಳಿಯುತ್ತವೆ. ಜಾಡಿ ಉಸಿರಾಡುತ್ತದೆ ಎಂದು ಕೊರಿಯನ್ನರು ಬಹಳ ಹಿಂದಿನಿಂದ ಹೇಳುತ್ತಿದ್ದುದನ್ನು ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಳೆದು ತೋರಿಸಿದರು: ಕಿಮ್ಚಿ, ಅಂದರೆ ಉಪ್ಪು ಖಾರ ಹಚ್ಚಿ ಹುಳಿಯಿಸಿದ ಎಲೆಕೋಸು, ಹುಳಿಯುವಾಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ಈ ಗೋಡೆಗಳ ಮೂಲಕ ಹೊರಹೋಗುತ್ತದೆ, ಅದರಿಂದ ಹುಳಿಯಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಬೇಕಾದ ವಾತಾವರಣ ಒಳಗೆ ಉಳಿಯುತ್ತದೆ.

ಚಳಿಗಾಲಕ್ಕೆ ಮುನ್ನ ನೆರೆಹೊರೆಯವರೆಲ್ಲ ಸೇರಿ ರಾಶಿಗಟ್ಟಲೆ ಕಿಮ್ಚಿ ಮಾಡಿ ಹಂಚಿಕೊಳ್ಳುವ ಕಿಮ್‌ಜಾಂಗ್ ಪದ್ಧತಿಗೆ 2013ರಲ್ಲಿ, ಸೋಯಾದಿಂದ ಬಗೆಬಗೆಯ ಹುಳಿಪದಾರ್ಥ ತಯಾರಿಸುವ ಜ್ಞಾನಕ್ಕೆ 2024ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಆದರೆ ಹಿಂದೆ ನೆಲದಲ್ಲಿ ಹೂಳುತ್ತಿದ್ದ ಜಾಡಿಯನ್ನು ಹನ್ನೆರಡನೆಯ ಮಹಡಿಯಲ್ಲಿ ಎಲ್ಲಿ ಹೂಳುವುದು? ಈ ಪ್ರಶ್ನೆಗೆ ಉತ್ತರ ಕೊಟ್ಟದ್ದು ಗೃಹೋಪಕರಣ ಉದ್ಯಮ. 1995ರಲ್ಲಿ ಡಿಮ್‌ಚೆ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದು ಮನೆಮಾತಾದ ಕಿಮ್ಚಿ ಫ್ರಿಜ್, ಚಳಿಗಾಲದ ನೆಲದಾಳದ ಹದವನ್ನು ಏರಿಳಿತವಿಲ್ಲದೆ ಕಾಯುವ ಯಂತ್ರ. ಅದು ಜಾಡಿಯ ಕೆಲಸವನ್ನು ಉಳಿಸಿತು, ಜಾಡಿ ಮಾಡುವವರ ಕೆಲಸವನ್ನಲ್ಲ. ಕರಕುಶಲ ಕಲೆ ಆಧುನಿಕವಾಗುವ ಮಾತು ಬಂದಾಗಲೆಲ್ಲ ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು. ಈಗ ಕುಂಬಾರರು ಫ್ರಿಜ್ಜಿನೊಳಗೇ ಕೂರುವ ಅಳತೆಯ ಚಿಕ್ಕ ಒಂಗ್ಗಿಗಳನ್ನೂ ಕಾಫಿ ಸೋಸುವ ಪಾತ್ರೆಗಳನ್ನೂ ಮಾಡಿ ಕಳೆದುಕೊಂಡ ಜಾಗವನ್ನು ತುಸುತುಸುವಾಗಿ ಗಳಿಸುತ್ತಿದ್ದಾರೆ.

ಕಾಗದವೆಂಬ ಬಟ್ಟೆ

ಹಾಂಜಿ ಎಂಬ ಕೈಕಾಗದಕ್ಕೆ ಬೇಕಾದ ಡಾಕ್ ಮರದ ಕೊಂಬೆಗಳನ್ನು ಚಳಿಗಾಲದಲ್ಲಿ ಕಡಿದು, ಹಬೆಯಲ್ಲಿ ಬೇಯಿಸಿ ತೊಗಟೆ ಸುಲಿದು, ಒಳತೊಗಟೆಯನ್ನು ಹುಲ್ಲು ಅಥವಾ ಕಾಳಿನ ಗಿಡದ ಬೂದಿಯ ನೀರಿನಲ್ಲಿ ಕುದಿಸಿ, ಕಸಕಡ್ಡಿಗಳನ್ನು ಕೈಯಿಂದ ಒಂದೊಂದಾಗಿ ಆರಿಸಿ, ನಾರು ಬಿಡಿಬಿಡಿಯಾಗುವವರೆಗೆ ಬಡಿಯುತ್ತಾರೆ. ಅದನ್ನು ನೀರಿನ ತೊಟ್ಟಿಯಲ್ಲಿ ಕದಡಿ ದಾಸವಾಳದ ಬಳಗದ ಗಿಡವೊಂದರ ಬೇರಿನ ಲೋಳೆಯನ್ನು ಸೇರಿಸಿದಾಗ ನಾರುಗಳು ತಳಕ್ಕಿಳಿಯದೆ ತೇಲುತ್ತವೆ. ಒಂದೇ ಹಗ್ಗಕ್ಕೆ ತೂಗುಬಿಟ್ಟ ಬಿದಿರಿನ ಜಾಲರಿಯನ್ನು ಕಾಗದ ಮಾಡುವವರು ಒಮ್ಮೆ ಮುಂದಕ್ಕೂ ಮತ್ತೆ ಎಡಬಲಕ್ಕೂ ಆಡಿಸುತ್ತ ನೀರನ್ನು ಅಂಚಿನಿಂದ ಹೊರಚೆಲ್ಲುವಾಗ ನಾರುಗಳು ಹಾಸುಹೊಕ್ಕಾಗಿ ಕೂಡಿಕೊಳ್ಳುತ್ತವೆ. ಹಾಂಜಿ ಹರಿಯದೆ ಬಟ್ಟೆಯಂತೆ ಬಾಳುವುದರ ಗುಟ್ಟು ಈ ಹಾಸುಹೊಕ್ಕಿನಲ್ಲಿದೆ. ಗ್ಯಾಂಗ್‌ಜುವಿನ ಬುಲ್ಗುಕ್ಸಾ ಬೌದ್ಧ ದೇವಾಲಯದ ಶಿಲಾಗೋಪುರದಲ್ಲಿ 1966ರಲ್ಲಿ ಸಿಕ್ಕ, ಕ್ರಿ.ಶ. 751ಕ್ಕಿಂತ ಹಿಂದಿನದೆಂದು ನಂಬಲಾದ ಮರದಚ್ಚಿನ ಧಾರಣೀ ಸೂತ್ರದ ಸುರುಳಿ ಈ ನಾರಿನ ಬಾಳಿಕೆಗೆ ಸಾಕ್ಷಿ.

ಹಾಂಜಿಗೆ ಹೊಸ ಕೆಲಸ ಸಿಕ್ಕಿದ್ದು ಮನೆಯಲ್ಲಿ ಮಾತ್ರವಲ್ಲ, ಯೂರೋಪಿನ ಸಂರಕ್ಷಣಾಲಯಗಳಲ್ಲಿಯೂ. ರೋಮ್‌ನ ಪುಸ್ತಕ ಮತ್ತು ದಾಖಲೆಗಳ ಸಂರಕ್ಷಣಾ ಸಂಸ್ಥೆ 2016ರಲ್ಲಿ ಹಾಂಜಿಯನ್ನು ಪರೀಕ್ಷಿಸಿ ಅಂಗೀಕರಿಸಿತು, ಸಂತ ಫ್ರಾನ್ಸಿಸರ ಹಸ್ತಲಿಪಿಯ ಜೀರ್ಣೋದ್ಧಾರದಲ್ಲಿಯೂ ಅದು ಬಳಕೆಯಾಯಿತು. ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯ ಬವೇರಿಯಾದ ಅರಸನೊಬ್ಬನ ಮೇಜಿನ ದುರಸ್ತಿಗೆ ಅದನ್ನು ಆರಿಸಿಕೊಂಡಿತು. ಕೊರಿಯಾದ ಮನೆಗಳಲ್ಲಿಯೂ ಅದಕ್ಕೆ ಕೆಲಸ ಸಿಕ್ಕಿದೆ. ಜೊಂಜು, ವೊಂಜು ಮುಂತಾದ ಊರುಗಳ ಕಾಗದ ಇಂದು ಗೋಡೆಗೆ, ದೀಪಕ್ಕೆ, ಮರೆಯ ಪರದೆಗೆ ಬಳಕೆಯಾಗುತ್ತಿದೆ. ಕಾಗದವನ್ನು ಸಣ್ಣಗೆ ಸೀಳಿ ಹೊಸೆದ ನೂಲನ್ನು ಹತ್ತಿಯೊಡನೆ ನೇಯ್ದ ಕಾಲುಚೀಲಗಳೂ ಅಂಗಡಿಗಳಲ್ಲಿವೆ. ಕಾಗದವನ್ನು ಹೊಸೆದು ಬುಟ್ಟಿ, ತಂಬಿಗೆಗಳನ್ನು ಹೆಣೆಯುವ ಜಿಸುಂಗ್ ಎಂಬ ಕಲೆ ಜೊಸೊನ್ ಕಾಲದಲ್ಲಿಯೇ ಇದ್ದುದರಿಂದ ಕಾಗದದ ಕಾಲುಚೀಲವನ್ನು ಇಂದಿನವರ ವಿಚಿತ್ರ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ.

ಚಿಪ್ಪು ಮತ್ತು ಮರದ ರಸ

ಮೊಬೈಲ್ ಕವಚದಲ್ಲಿ ಹೊಳೆಯುವ ಚಿಪ್ಪಿನ ಕೆಲಸಕ್ಕೆ ನಾಜೊನ್‌ಚಿಲ್ಗಿ ಎಂದು ಹೆಸರು. ಕಡಲಚಿಪ್ಪನ್ನು ಕಾಗದದಷ್ಟು ತೆಳುವಾಗಿ ಉಜ್ಜಿ, ಸಣ್ಣ ಗರಗಸದಿಂದ ಹೂಬಳ್ಳಿಗಳ ಆಕಾರಕ್ಕೆ ಕೊರೆದು, ಇಲ್ಲವೇ ಎಳೆಎಳೆಯಾಗಿ ಸೀಳಿ ಚಾಕುವಿನ ತುದಿಯಿಂದ ತುಂಡರಿಸುತ್ತ ಮರದ ಮೇಲೆ ಅಂಟಿಸಿ, ಮೇಲೆ ಪದರ ಪದರವಾಗಿ ಮೆರುಗೆಣ್ಣೆ ಬಳಿದು, ಚಿಪ್ಪು ಮತ್ತೆ ಮೇಲೆದ್ದು ಕಾಣುವಂತೆ ಉಜ್ಜುವುದು ಇದರ ಕ್ರಮ. ಇಲ್ಲಿನ ಮೆರುಗು ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಅರಗಲ್ಲ. ಅರಗು ಕೀಟದಿಂದ ಬರುವಂಥದ್ದು, ಕೊರಿಯಾದ ಓಟ್‌ಚಿಲ್ ಮಾತ್ರ ಒಂದು ಮರದ ತೊಗಟೆಗೆ ಗೀರು ಹಾಕಿ ಸಂಗ್ರಹಿಸುವ ರಸ. ಬಿಸಿಲಿನಲ್ಲಿ ಒಣಗದೆ, ಗಾಳಿಯಲ್ಲಿ ತೇವ ಇದ್ದಾಗಲೇ ಗಟ್ಟಿಯಾಗುವ ವಿಶೇಷ ಗುಣ ಅದಕ್ಕಿದೆ. ಹಸಿಯಾಗಿದ್ದಾಗ ಮೈಗೆ ತಾಗಿದರೆ ತುರಿಕೆಯ ಗುಳ್ಳೆಗಳೇಳುತ್ತವೆ, ಗಟ್ಟಿಯಾದ ಮೇಲೆ ನೀರಿಗೂ ಹುಳಿಗೂ ಜಗ್ಗುವುದಿಲ್ಲ.

ದಕ್ಷಿಣ ಕರಾವಳಿಯ ತೊಂಗ್ಯಾಂಗ್ ಪಟ್ಟಣ ಈ ಕಸುಬಿನ ತವರು. 17ನೆಯ ಶತಮಾನದ ಆರಂಭದಲ್ಲಿ ಅಲ್ಲಿ ನೌಕಾಪಡೆಯ ಕೇಂದ್ರ ನೆಲೆಗೊಂಡಾಗ ಅದರ ಅಗತ್ಯಗಳಿಗೆಂದು ಬೆಳೆದ ಕಾರ್ಯಾಗಾರಗಳಲ್ಲಿ ಚಿಪ್ಪಿನ ಕೆಲಸ, ಟೊಪ್ಪಿ, ಸೋಬಾನ್‌ಗಳು ಕೂಡ ತಯಾರಾಗುತ್ತಿದ್ದವು. 1970ರ ದಶಕದಲ್ಲಿ ಗೋಡೆಯಗಲದ ಚಿಪ್ಪಿನ ಬೀರು ಸಿರಿವಂತಿಕೆಯ ಗುರುತಾಗಿತ್ತು. ಮುಂದೆ ಗೋಡೆಯೊಳಗೇ ಕಪಾಟುಗಳಿರುವ ಮನೆಗಳು ಬಂದಾಗ ಅಂಥ ಬೀರುಗಳು ಬೀದಿಗೆ ಬಿದ್ದವು. ಅಜ್ಜಿಯ ಕೋಣೆಯಲ್ಲಿ ಅವನ್ನು ಕಂಡಿದ್ದ ಮೊಮ್ಮಕ್ಕಳೇ ಇಂದು ಬಟ್ಟಲು, ಕನ್ನಡಿ, ಪೆನ್ನುಗಳ ರೂಪದಲ್ಲಿ ಅವನ್ನು ಕೊಳ್ಳುತ್ತಿದ್ದಾರೆ.

ಕಾನೂನು ಸಡಿಲಿಸಿದ ಗಂಟು

ಈ ಮರಳುವಿಕೆಯಲ್ಲಿ ಸರ್ಕಾರದ ಪಾತ್ರ ದೊಡ್ಡದು. 1962ರಲ್ಲಿ ಜಾರಿಗೆ ಬಂದ ಸಾಂಸ್ಕೃತಿಕ ಸ್ವತ್ತಿನ ರಕ್ಷಣಾ ಕಾಯ್ದೆಯ ಅಡಿಯಲ್ಲಿ ಕೊರಿಯಾ ಕಸುಬುಗಳನ್ನೂ ಅವುಗಳನ್ನು ಬಲ್ಲ ವ್ಯಕ್ತಿಗಳನ್ನೂ ರಾಷ್ಟ್ರೀಯ ಪರಂಪರೆಯೆಂದು ಗುರುತಿಸಿ, ಅವರಿಗೆ ಮಾಸಿಕ ನೆರವು ಕೊಟ್ಟು, ಶಿಷ್ಯರನ್ನು ತಯಾರು ಮಾಡುವ ಹೊಣೆಯನ್ನೂ ವಹಿಸಿತು. ಯುದ್ಧ ಮತ್ತು ಬಡತನದ ನಂತರ ಎಷ್ಟೋ ಕಸುಬುಗಳು ಪೂರ್ತಿ ಅಳಿಯದೆ ಉಳಿದದ್ದು ಈ ವ್ಯವಸ್ಥೆಯಿಂದ. ಆದರೆ ಕಸುಬನ್ನು ಅದರ ಮೂಲರೂಪದಲ್ಲಿಯೇ ಉಳಿಸಬೇಕೆಂಬ ತತ್ತ್ವ ಅದರ ತಳಹದಿಯಾಗಿದ್ದುದರಿಂದ, ಜನ ಟೊಪ್ಪಿ ಹಾಕುವುದನ್ನು ಬಿಟ್ಟ ಮೇಲೂ ಟೊಪ್ಪಿಯನ್ನೇ ಮಾಡುತ್ತಿರಬೇಕಾದ ಸ್ಥಿತಿ ಕಸುಬುದಾರರದಾಯಿತು. ಕೊಳ್ಳುವವರಿಲ್ಲದ ವಸ್ತುವನ್ನು ಕಲಿಯಲು ಯುವಕರು ಬರಲಿಲ್ಲ.

2016ರಲ್ಲಿ ಜಾರಿಯಾದ ಅಮೂರ್ತ ಪರಂಪರೆಯ ಪ್ರತ್ಯೇಕ ಕಾಯ್ದೆ ಈ ತತ್ತ್ವವನ್ನು ಬದಲಿಸಿತು. ಒಂದು ಕಸುಬಿನ ಜೀವಾಳವಾದ ಕ್ರಮ, ಜ್ಞಾನ, ಲಕ್ಷಣಗಳು ಮುಂದುವರಿಯಬೇಕು, ಕಾಲಕ್ಕೆ ತಕ್ಕಂತೆ ರೂಪ ಬದಲಾಗಬಹುದು ಎಂಬುದು ಹೊಸ ನಿಲುವಿನ ತಿರುಳು. ಪರಂಪರೆಯನ್ನು ರಕ್ಷಿಸಲು ಹೊರಟ ಯಾವ ದೇಶಕ್ಕೂ ಇದು ಗಮನಾರ್ಹವಾದ ನಡೆ, ಏಕೆಂದರೆ ಕೈಯ ಜ್ಞಾನವನ್ನು ವಸ್ತುವಿನ ಆಕಾರದಿಂದ ಬೇರೆಯಾಗಿ ನೋಡುವ ಧೈರ್ಯ ಇದರಲ್ಲಿದೆ.

ಟೊಪ್ಪಿಯ ಹೆಣಿಗೆ, ಬುಟ್ಟಿಯ ರೂಪ

ಹಾಗೆ ಬೇರೆಯಾಗಿ ನೋಡಿದರೆ ಏನಾಗಬಹುದು ಎಂಬುದಕ್ಕೆ ಜೆಜು ದ್ವೀಪದ ಕುದುರೆ ಕೂದಲಿನ ಹೆಣಿಗೆಯಷ್ಟು ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಕುದುರೆಗಳಿಗೆ ಹೆಸರಾದ ಆ ದ್ವೀಪದ ಹೆಂಗಸರು ಬಾಲದ ಕೂದಲನ್ನು ಹೆಣೆದು ಗಂಡಸರ ಹಣೆಪಟ್ಟಿ ಮತ್ತು ಟೊಪ್ಪಿಗಳನ್ನು ಮಾಡುತ್ತಿದ್ದರು. ಕಲಾವಿದೆ ಜೊಂಗ್ ಡಾಹ್ಯೆ ಈ ಹೆಣಿಗೆಯನ್ನು ಕಲಿತು, ಅದೇ ಕೂದಲಿನಿಂದ ಒಳಗಿನ ಗಾಳಿಯೂ ಕಾಣುವಷ್ಟು ಪಾರದರ್ಶಕವಾದ ಬುಟ್ಟಿಯನ್ನು ಮಾಡಿದರು. ಆ ಕೃತಿಗೆ 2022ರ ಲೊಯೆವೆ ಅಂತರರಾಷ್ಟ್ರೀಯ ಕರಕುಶಲ ಪ್ರಶಸ್ತಿ ಬಂದಿತು. ಆ ವರ್ಷದ ಪ್ರದರ್ಶನ ನಡೆದದ್ದು ಅದಕ್ಕೆ ಒಂದು ವರ್ಷ ಮುಂಚೆ ತೆರೆದಿದ್ದ ಸೋಲ್ ಕರಕುಶಲ ಕಲಾ ವಸ್ತುಸಂಗ್ರಹಾಲಯದಲ್ಲಿ.

ಅದೇ ವಸ್ತುಸಂಗ್ರಹಾಲಯಕ್ಕೆ ಸಂಗ್ರಾಹಕ ಹೊ ಡೊಂಗ್-ಹ್ವಾ ದಾನ ಮಾಡಿದ ಕಸೂತಿ ಮತ್ತು ಬೊಜಾಗಿಗಳು ಸೇರಿವೆ. ಬೊಜಾಗಿ ಎಂದರೆ ಊಟ ಮುಚ್ಚಲು, ಉಡುಗೊರೆ ಸುತ್ತಲು, ಹಾಸಿಗೆ ಗಂಟು ಕಟ್ಟಲು ಬಳಸುವ ಚೌಕದ ಬಟ್ಟೆ. ಉಡುಪು ಹೊಲಿದು ಮಿಕ್ಕ ತುಂಡುಗಳನ್ನು ಜೋಡಿಸಿ ಮಾಡಿದರೆ ಅದು ಜೊಗಾಕ್ಬೊ. ಎಳೆ ಬಿಚ್ಚಿಕೊಳ್ಳದಂತೆ ಎರಡೂ ಅಂಚುಗಳನ್ನು ಒಳಮಡಿಸಿ ಹೊಲಿಯುವುದರಿಂದ ಅದಕ್ಕೆ ಒಳಮೈ ಹೊರಮೈ ಎಂಬ ಭೇದವಿಲ್ಲ. ಹೆಸರು ಉಳಿಯದ ಹೆಂಗಸರು ಕೂಡಿಸಿದ ಆ ಚೌಕಗಳು ಇಪ್ಪತ್ತನೆಯ ಶತಮಾನದ ಅಮೂರ್ತ ಚಿತ್ರಕಾರರ ಕೃತಿಗಳ ಮುಂದೆ ಯಾವುದರಲ್ಲೂ ಕಡಿಮೆಯಲ್ಲ. ಇವುಗಳಿಗೆ ಬಳಸುವ ಮೋಸಿ ಎಂಬ ನಾರುಬಟ್ಟೆಯನ್ನು ಹಾನ್‌ಸಾನ್ ಪ್ರದೇಶದ ಹೆಂಗಸರು ಗಿಡದ ನಾರನ್ನು ಹಲ್ಲಿನಿಂದ ಸೀಳಿ, ತೊಡೆಯ ಮೇಲೆ ಹೊಸೆದು ನೇಯುತ್ತಾರೆ. ಆ ನೇಯ್ಗೆ 2011ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು.

ವೇಷ ಮತ್ತು ಕಸುಬು

ಜನಪ್ರಿಯತೆಗೆ ಈಗ ಕೊರತೆಯಿಲ್ಲ. ಎರಡು ಅರ್ಧಗೋಲಗಳನ್ನು ನಡುವಿನಲ್ಲಿ ಕೂಡಿಸಿ ಮಾಡುವ, ಆ ಕಾರಣಕ್ಕೇ ಎಂದೂ ಪೂರ್ತಿ ದುಂಡಗಾಗದ ಬಿಳಿ ಪಿಂಗಾಣಿಯ ಚಂದ್ರಕುಂಭದ ಆಕಾರವನ್ನು 2018ರ ಪ್ಯೊಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್‌ನ ಜ್ಯೋತಿಯ ಕುಂಡಕ್ಕೆ ಆರಿಸಿಕೊಳ್ಳಲಾಯಿತು. ಬಿಟಿಎಸ್ ಎಂಬ ಪಾಪ್ ಸಂಗೀತ ತಂಡದ ಗಾಯಕ ಆರ್‌ಎಂ ಅಂಥದೇ ಕುಂಭವನ್ನು ಅಪ್ಪಿಕೊಂಡ ಚಿತ್ರವನ್ನು ಹಂಚಿಕೊಂಡ ಮೇಲೆ ಅದರ ಹೆಸರನ್ನೇ ಕೇಳದಿದ್ದವರೂ ಅದನ್ನು ಹುಡುಕಿದರು. ಕೊರಿಯಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಮಾರಾಟ ಮಳಿಗೆಯಲ್ಲಿ ಪರಂಪರೆಯ ಆಕೃತಿಗಳಿರುವ ಬ್ಯಾಡ್ಜ್, ಲೋಟ, ಕಿರುಪ್ರತಿಮೆಗಳಿಗೆ ಜನ ಸಾಲುಗಟ್ಟುತ್ತಾರೆ.

ಆದರೆ ಚಿಪ್ಪಿನ ವಿನ್ಯಾಸವನ್ನು ಪ್ಲಾಸ್ಟಿಕ್ಕಿನ ಮೇಲೆ ಮುದ್ರಿಸಿದ ಕವಚದಿಂದ ತೊಂಗ್ಯಾಂಗಿನ ಕಾರ್ಯಾಗಾರಕ್ಕೆ ಏನೂ ಸಿಗುವುದಿಲ್ಲ. ಯಂತ್ರದ ಕಾಗದದ ದೀಪ ಎಷ್ಟು ಮಾರಾಟವಾದರೂ ಡಾಕ್ ಮರದ ಬೆಳೆಗಾರನಿಗೆ ಅದರಿಂದ ಪ್ರಯೋಜನವಿಲ್ಲ. ಪರಂಪರೆಯ ನೋಟವನ್ನು ಕೊಳ್ಳುವವರೆಲ್ಲ ಪರಂಪರೆಯನ್ನು ಸಾಕುತ್ತಿದ್ದಾರೆ ಎಂದು ತಿಳಿಯುವುದು ಅಪಾಯಕಾರಿಯಾದ ತಪ್ಪು. ಕೈಯಿಂದ ಬಡಿದ ಬಟ್ಟಲಿನ ಬೆಲೆಯಲ್ಲಿ ಕುಲುಮೆಯ ಮುಂದೆ ನಿಂತ ಹಲವರ ಕೂಲಿ ಸೇರಿರುವುದರಿಂದ ಅದು ಸ್ಟೀಲಿನ ಬಟ್ಟಲಿಗಿಂತ ಹಲವು ಪಟ್ಟು ದುಬಾರಿಯಾಗಿಯೇ ಇರುತ್ತದೆ, ಇರಬೇಕು ಕೂಡ. ಅಪಾರ್ಟ್‌ಮೆಂಟಿನವರು ಆ ಬೆಲೆಯನ್ನು ಒಂದೆರಡು ಬಟ್ಟಲುಗಳಿಗಾದರೂ ಕೊಡಲು ಒಪ್ಪಿದ್ದರಿಂದಲೇ ಕಂಚು ಉಳಿಯಿತು.

ಇನ್ನು ಉಳಿದಿರುವ ಕಠಿಣ ಪ್ರಶ್ನೆ ಕಚ್ಚಾಸಾಮಗ್ರಿಯದು. ಸರ್ಕಾರದ ಗುರುತು, ನೆರವು, ಪ್ರಶಸ್ತಿಗಳು ಕೊನೆಯ ಹಂತದ ಕಲಾವಿದರನ್ನು ತಲುಪುವಷ್ಟು ಸುಲಭವಾಗಿ ಮರಕ್ಕೆ ಗೀರು ಹಾಕಿ ರಸ ಸಂಗ್ರಹಿಸುವವರನ್ನು, ಚಳಿಯಲ್ಲಿ ಡಾಕ್ ಕೊಂಬೆ ಕಡಿಯುವವರನ್ನು, ಮೋಸಿಯ ನಾರು ಸೀಳುವ ವಯಸ್ಸಾದ ಹೆಂಗಸರನ್ನು ತಲುಪುವುದಿಲ್ಲ. ಬದಲಿಗೆ ಅಗ್ಗದ ಆಮದು ನಾರು, ಆಮದು ಮೆರುಗುಗಳು ಆ ಜಾಗವನ್ನು ತುಂಬುತ್ತಿವೆ. ಆದ್ದರಿಂದ ವಸ್ತುವಿನ ಮೇಲೆ ಅದನ್ನು ಮಾಡಿದವರ ಹೆಸರಿನ ಜೊತೆಗೆ ಅದರ ನಾರು, ರಸ, ಲೋಹಗಳು ಎಲ್ಲಿಂದ ಬಂದವು ಎಂಬುದನ್ನೂ ನಮೂದಿಸುವ ಪದ್ಧತಿ ಬೇಕಾಗಿದೆ, ಮತ್ತು ಕಸುಬುದಾರರಿಗೆ ಸಲ್ಲುವ ಮಾಸಿಕ ನೆರವಿನ ಒಂದು ಪಾಲು ಈ ಬೆಳೆಗಾರರಿಗೂ ಸಂಗ್ರಾಹಕರಿಗೂ ಸಲ್ಲಬೇಕಾಗಿದೆ.